ನಂಬರಕ್ಕ ಓದಿದ ಸ್ಟಿಕ್ಕರ್

ಕಣ್ಣಿನ ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ನಂಬರಕ್ಕ ಎನ್ನುತ್ತಿದ್ದರು. ರೋಗಿಗಳ ಕಣ್ಣಿನ ಫೋಟೋಗಳಿದ್ದ ಹಾರ್ಡ್ ಡಿಸ್ಕ್‌ಗಳನ್ನು ಜೋಪಾನ ಮಾಡುವುದು ಅವರ ಕೆಲಸ. ಯಾರಾದರೂ ಬಂದು "ಆ ಕರಿ ಡಿಸ್ಕ್ ಕೊಡಿ" ಎಂದರೆ ಕುರ್ಚಿಯಿಂದ ಏಳುತ್ತಲೇ ಇರಲಿಲ್ಲ. "ಕರೀದು ಇಪ್ಪತ್ತೆರಡಿದೆ. ನಂಬರ್ ಹೇಳಿ" ಎನ್ನುವರು. ಕ್ಯಾಂಟೀನಿನವರು ಬಾಗಿಲಲ್ಲೇ ನಿಂತು, "ಲೋಟ ನಂಬರ್ ಮೂರು, ಸಕ್ಕರೆ ಕಮ್ಮಿ, ಸಹಿ ಹಾಕಿ ತಗೊಳ್ಳಿ" ಎಂದು ರೇಗಿಸುತ್ತಿದ್ದರು.

ಆ ಕೋಣೆಗೆ ಬರುವ ಮೊದಲು ಹದಿನಾಲ್ಕು ವರ್ಷ ಅವರು ಮನೆಮನೆ ಸುತ್ತಿ, ಯಾರ ಕಣ್ಣಿಗೆ ಏನು ತೊಂದರೆ ಎಂದು ಬರೆದುಕೊಂಡು ಬರುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಆಸ್ಪತ್ರೆಯವರು ಇಲ್ಲಿ ಕೂರಿಸಿದರು. ಕಂಪ್ಯೂಟರ್ ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಮಗಳ ಶಾಲೆಯ ಪುಸ್ತಕ ನೋಡಿಕೊಂಡು.

ನಾನು ಡಿಗ್ರಿ ಮುಗಿಸಿ ಅವರ ಕೈಕೆಳಗೆ ಸೇರಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಗೊತ್ತಿಲ್ಲ ಎನ್ನಲು ನಾಲಗೆ ಏಳುತ್ತಿರಲಿಲ್ಲ. ಹಳೆಯ ಡಿಸ್ಕ್‌ಗಳನ್ನು ಅಳಿಸಿ ಮತ್ತೆ ಬಳಸಲು ಒಂದು ಪ್ರೋಗ್ರಾಂ ಬರೆ ಎಂದರು ನಂಬರಕ್ಕ. ಪ್ರೋಗ್ರಾಂ ತಾನಾಗಿ ಡಿಸ್ಕನ್ನು ನೋಡಲಾರದು. ಏನೇನು ಜೋಡಿಸಿದ್ದಾರೆ, ಯಾವುದರ ಗಾತ್ರ ಎಷ್ಟು, ತಯಾರಿಸಿದವರು ಕೊಟ್ಟ ಸೀರಿಯಲ್ ನಂಬರ್ ಏನು ಎಂದು ಅದು ಆಪರೇಟಿಂಗ್ ಸಿಸ್ಟಂ ಅನ್ನು ಕೇಳಬೇಕು. ಸಿಸ್ಟಂ ಆ ಸಾಧನಗಳನ್ನೇ ವಿಚಾರಿಸಿ ಪಟ್ಟಿ ಕೊಡುತ್ತದೆ. ಸೊನ್ನೆ, ಒಂದು, ಎರಡು ಎಂದು ಪಟ್ಟಿಯಲ್ಲಿ ಬರುವ ಕ್ರಮಸಂಖ್ಯೆ ಇವತ್ತು ಇದ್ದಂತೆ ನಾಳೆ ಇರುವುದಿಲ್ಲ ಎಂದು ಓದಿ ತಿಳಿದಿದ್ದೆ. ಅದಕ್ಕೇ ಸೀರಿಯಲ್ ನಂಬರ್ ಹಿಡಿದು ಹುಡುಕುವಂತೆ ಬರೆದು, ಒಳಗೊಳಗೇ ಬೀಗುತ್ತಿದ್ದೆ.

ಒಂದು ಶನಿವಾರ ಬೆಳಿಗ್ಗೆ ಎರಡು ಡಿಸ್ಕ್‌ಗಳನ್ನು ಡಾಕಿನಲ್ಲಿ ಸಿಕ್ಕಿಸಿದೆ. ಡಾಕ್ ಎಂದರೆ ಡಿಸ್ಕ್‌ಗಳನ್ನು ನಿಲ್ಲಿಸಿ ಒಂದೇ ವೈರಿನಲ್ಲಿ ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ. ಒಂದು ಡಿಸ್ಕ್ ಅಳಿಸಬೇಕಾದದ್ದು. ಇನ್ನೊಂದರಲ್ಲಿ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕುಂದುತ್ತಿದ್ದ ಮುನ್ನೂರು ಜನರ ಆರು ವರ್ಷದ ಫೋಟೋಗಳಿದ್ದವು. ಹಳೆಯ ಫೋಟೋ ಪಕ್ಕದಲ್ಲಿಟ್ಟುಕೊಂಡೇ ಡಾಕ್ಟರು ಮುಂದಿನ ಚಿಕಿತ್ಸೆ ಹೇಳುತ್ತಿದ್ದರು. ಅವುಗಳಿಗೆ ಇನ್ನೊಂದು ಪ್ರತಿ ಇರಲಿಲ್ಲ; ಮೊದಲನೆಯದು ಖಾಲಿಯಾದ ಮೇಲೆ ಅದಕ್ಕೇ ನಕಲು ಮಾಡುವುದೆಂದು ಮಾತಾಗಿತ್ತು.

ಅಳಿಸಬೇಕಾದ ಡಿಸ್ಕಿನ ನಂಬರನ್ನು ಹಿಂದಿನ ದಿನ ಅದೊಂದನ್ನೇ ಡಾಕಿಗೆ ಹಾಕಿ, ತೆರೆಯ ಮೇಲೆ ಬಂದದ್ದನ್ನು ಬರೆದುಕೊಂಡಿದ್ದೆ. ಈಗ ಅದನ್ನು ಟೈಪ್ ಮಾಡಿದೆ. ಪ್ರೋಗ್ರಾಂ "ಸಿಕ್ಕಿತು, ಅಳಿಸಲೇ?" ಎಂದಿತು.

"ತಡಿಯಮ್ಮ" ಎಂದರು ನಂಬರಕ್ಕ. ಕನ್ನಡಕ ಹಣೆಗೇರಿಸಿ ಅಳಿಸಬೇಕಾದ ಡಿಸ್ಕಿನ ಮೇಲೆ ಸೀರಿಯಲ್ ನಂಬರ್ ಅಚ್ಚಾಗಿದ್ದ ಸ್ಟಿಕ್ಕರಿಗೆ ಮೂಗು ತಾಗಿಸಿದರು. "ಇದರ ಕೊನೆ ಏಳು ಒಂದು ಕೆ ನಾಲ್ಕು. ನಿಂದೇನು?"

"ಎರಡು ಎರಡು ಸೊನ್ನೆ ಒಂಬತ್ತು."

"ಇನ್ನೊಂದರದ್ದೂ ಅದಲ್ಲ. ಎಲ್ಲಿಂದ ತಂದೆ ಇದನ್ನ?"

"ಸಿಸ್ಟಂ ಕೊಟ್ಟಿದ್ದೇ ಅಕ್ಕ. ಅದು ಸುಳ್ಳು ಹೇಳಲ್ಲ."

"ಅದು ಹೇಳಲ್ಲ. ಅದಕ್ಕೆ ಹೇಳಿದವರು ಯಾರು? ಪೂರ್ತಿ ಪಟ್ಟಿ ತೋರಿಸು ನೋಡೋಣ."

ಪಟ್ಟಿ ತೆರೆದೆ. ಡಾಕಿನಲ್ಲಿದ್ದ ಎರಡೂ ಡಿಸ್ಕ್‌ಗಳ ಮುಂದೆ ಅದೇ ನಂಬರ್ ಇತ್ತು.

"ಅವಳಿ ಮಕ್ಕಳಿಗೂ ಒಂದೊಂದು ಹೆಸರಿರುತ್ತೆ" ಎಂದು ನಕ್ಕರು. "ನಾನು ಮನೆಮನೆಗೆ ಹೋಗ್ತಿದ್ನಲ್ಲ, ಮೊದಮೊದಲು ಹಿಂಗೇ ಮಾಡ್ತಿದ್ದೆ. ಬಾಗಿಲು ತೆಗೆದವರ ಹೆಸರು ಬರ್ಕೊಂಡು ಬಂದ್ಬಿಡ್ತಿದ್ದೆ. ಕಣ್ಣು ಕಾಣದ ಅಜ್ಜಿ ಒಳಗೇ ಇರ್ತಿದ್ರು."

ನಡುವೆ ನಿಂತ ಡಾಕ್, ಡಿಸ್ಕ್‌ಗಳ ನಂಬರ್ ಕೇಳಿದಾಗ ತನ್ನದನ್ನೇ ಹೇಳಿತ್ತು. ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದನ್ನು ನನ್ನ ಪ್ರೋಗ್ರಾಂ ಆರಿಸಿಕೊಂಡಿತ್ತು. ಎರಡರ ಗಾತ್ರ ಬೇರೆ ಬೇರೆ; ಅದು ಆರಿಸಿದ್ದರ ಗಾತ್ರ ನೋಡಿದೆ. ಅದು ಫೋಟೋಗಳಿದ್ದ ಡಾಕ್ಟರ ಡಿಸ್ಕ್. "ಅಳಿಸಲೇ?" ಎಂದು ಕಾಯುತ್ತಿದ್ದ ಪ್ರೋಗ್ರಾಂ ಮುಚ್ಚಿದೆ.

ನಂಬರಕ್ಕ ಬಯ್ಯಲಿಲ್ಲ. ಡಿಸ್ಕ್‌ಗಳನ್ನು ಡಾಕಿನಿಂದ ತೆಗೆಸಿ, ಒಂದೊಂದಾಗಿ ಕಂಪ್ಯೂಟರಿನೊಳಗಿನ ವೈರಿಗೇ ಜೋಡಿಸಲು ಹೇಳಿದರು. ಈಗ ತೆರೆಯ ಮೇಲಿನ ನಂಬರೂ ಸ್ಟಿಕ್ಕರಿನದೂ ಒಂದೇ ಆದವು. ಡಾಕ್ಟರ ಡಿಸ್ಕನ್ನು ಮೇಜಿನ ಮೇಲಿಟ್ಟುಕೊಂಡು, ಇನ್ನೊಂದನ್ನು ಮಾತ್ರ ಅಳಿಸಲು ಬಿಟ್ಟರು. ಅದು ಖಾಲಿಯಾಗುವ ಹೊತ್ತಿಗೆ, "ಬಾ, ಡಾಕ್ಟರಿಗೆ ಹೇಳಿ ಬರೋಣ" ಎಂದರು.

"ಏನೂ ಆಗಲಿಲ್ಲವಲ್ಲ ಅಕ್ಕ, ಹೇಳಲೇಬೇಕಾ?"

"ಬೇರೆ ಕೋಣೇಲೂ ಇದೇ ಥರದ ಡಾಕ್ ಇದೆಯಲ್ಲಮ್ಮ."

ಮೆಟ್ಟಿಲು ಇಳಿಯುವಾಗ ಮೊಣಕಾಲು ಹಿಡಿದುಕೊಂಡು ನನ್ನ ಭುಜಕ್ಕೆ ಆತುಕೊಂಡರು. ಹೇಳಿದ್ದು ನಾನೇ. ಡಾಕ್ಟರು ಕೇಳಿದ್ದು ಒಂದೇ ಮಾತು: "ಫೋಟೋ ಇವೆಯಾ?" "ಇವೆ" ಎಂದರು ನಂಬರಕ್ಕ.

ಆ ವಾರವೇ ಪ್ರೋಗ್ರಾಂ ತಿದ್ದಿದೆ. ಒಂದೇ ನಂಬರ್ ಎರಡು ಕಡೆ ಕಂಡರೆ ಅದು ಕೆಲಸ ನಿಲ್ಲಿಸುತ್ತದೆ. ಎಲ್ಲ ಸರಿಯಿದ್ದರೂ ಸ್ಟಿಕ್ಕರಿನ ಕೊನೆಯ ನಾಲ್ಕು ಅಕ್ಷರ ಟೈಪ್ ಮಾಡಿ, ಅವು ತಾಳೆಯಾಗದ ಹೊರತು ಮುಂದೆ ಹೋಗುವುದಿಲ್ಲ. ಇಂದಿಗೆ ಒಂಬತ್ತು ವರ್ಷವಾಯಿತು, ಅದರ ಕೈಯಿಂದ ತಪ್ಪು ಡಿಸ್ಕ್ ಅಳಿದಿಲ್ಲ. ಜನ ಅದನ್ನು ನನ್ನ ಪ್ರೋಗ್ರಾಂ ಎನ್ನುತ್ತಾರೆ. ಅದನ್ನು ಬರೆಯುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು.

ಆ ಶನಿವಾರ ನಾಲ್ಕು ಗಂಟೆಗೆ ನಕಲು ಮುಗಿಯಿತು. ನಂಬರಕ್ಕ ಮುನ್ನೂರು ಜನರಲ್ಲಿ ಒಬ್ಬರ ಫೋಟೋ ತೆರೆಸಿ, ಎರಡೂ ಡಿಸ್ಕ್‌ಗಳಲ್ಲಿ ನೋಡಿ, "ಈಯಮ್ಮ ಸೋಮವಾರ ಬರ್ತಾರೆ" ಎಂದರು.