ಗಿಳಿ ಕೆತ್ತುವ ಯಂತ್ರ

ಮೊನ್ನೆ ಚಟ್ನಿ ರುಬ್ಬುವಾಗ ಮಿಕ್ಸರ್ ಗಕ್ಕನೆ ನಿಂತು ಸುಟ್ಟ ವಾಸನೆ ಬಂತು. ಸ್ವಿಚ್ ಆರಿಸಿದೆ, ಕಿಟಕಿ ತೆಗೆದೆ. ಆ ವಾಸನೆ ಅಡುಗೆಮನೆ ಬಿಟ್ಟು ಹೋಗಲೊಲ್ಲದು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅದೇ ವಾಸನೆ... ಪಕ್ಕದ ಮನೆಯ ಮಾಸ್ತರ ಕಾಕಾನ ಪಡಸಾಲೆಯಲ್ಲಿ ದಸರೆಯ ಖಂಡೇಪೂಜೆಯ ದಿನ ಬಂದದ್ದು.

ಕಲಬುರಗಿಗೆ ನಾವೆಲ್ಲ ಇನ್ನೂ ಗುಲಬರ್ಗಾ ಅನ್ನುತ್ತಿದ್ದ ಕಾಲ. ಶಹಾಬಜಾರದಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಕಾಕಾ ಹುಡುಗರಿಗೆ ಬಡಿಗತನ ಕಲಿಸಿ ನಿವೃತ್ತರಾದವರು. ಓಣಿಯ ಮಕ್ಕಳೆಲ್ಲ ಅವರು ಕೆತ್ತಿದ ತೊಟ್ಟಿಲಲ್ಲೇ ಮಲಗಿ ಬೆಳೆದವು, ನನ್ನ ಮಗಳೂ ಸೇರಿ. ಎರಡೂ ಬದಿಗೆ ಒಂದೊಂದು ಗಿಳಿ ಇರಲೇಬೇಕು. ಆಮೇಲೆ ಅವರ ಕೈ ನಡುಗತೊಡಗಿತು. ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಅನ್ನುತ್ತಿತ್ತು. ಡಾಕ್ಟರು ಗುಳಿಗೆ ಕೊಟ್ಟರು, ಇದು ವಾಸಿಯಾಗುವ ರೋಗವಲ್ಲ ಅಂತಲೂ ಹೇಳಿದರು.

ಅದೇ ಹೊತ್ತಿಗೆ ಕಮಲಾಪುರಕ್ಕೆ ಕೊಟ್ಟಿದ್ದ ಅವರ ಒಬ್ಬಳೇ ಮಗಳು ಬಸುರಾದಳು, ಎಲ್ಲರೂ ಆಸೆ ಬಿಟ್ಟ ಮೇಲೆ. ತಾಯಿ, ನಮ್ಮ ಕಾಕು, ಮೊದಲೇ ತೀರಿಕೊಂಡಿದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ಎಂದಾಯಿತು. ಆದರೆ ತೊಟ್ಟಿಲು ತವರಿನಿಂದಲೇ ಹೋಗಬೇಕಲ್ಲ. ಕೈಯಿಂದ ಆಗದ್ದನ್ನು ಯಂತ್ರದಿಂದ ಮಾಡಿಸುತ್ತೇನೆ ಅಂತ ಕಾಕಾ ಹಟ ಹಿಡಿದರು. ಹವ್ಯಾಸಕ್ಕೆಂದು ಅವರೇ ಕಟ್ಟಿದ ಒಂದು ಯಂತ್ರವಿತ್ತು. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಹಲಗೆಯ ಮೇಲೆ ತಾನೇ ಕೆತ್ತುವಂಥದ್ದು. ಕಟ್ಟಿಗೆಯ ಚೌಕಟ್ಟು, ಹಳೇ ಪ್ರಿಂಟರುಗಳಿಂದ ಬಿಚ್ಚಿದ ಮೋಟರು. ಚಾಲೂ ಮಾಡಿದರೆ ಇಡೀ ಚೌಕಟ್ಟು ಅಲುಗಾಡಿ ಗಿಳಿಯ ಕೊಕ್ಕು ಮುರಿದೇ ಬರುತ್ತಿತ್ತು. "ನನಕಿಂತ ಇದಕ್ಕೇ ನಡುಕ ಜಾಸ್ತಿ ಅದ ನೋಡವಾ" ಅಂತ ನಗುತ್ತಿದ್ದರು.

ಕೊನೆಗೆ ಎಲ್ಲ ಬದಲಾಯಿಸಿದರು. ಜಗತ್ ಸರ್ಕಲ್ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ದಿನವೆಲ್ಲ ಕೂತು ಕಬ್ಬಿಣದ ಚೌಕಟ್ಟು ಮಾಡಿಸಿದರು. ಹೈದರಾಬಾದಿನಿಂದ ಹೊಸ ಮೋಟರು, ಅವನ್ನು ನಡೆಸುವ ಸರ್ಕೀಟಿನ ಡಬ್ಬಿ ತರಿಸಿದರು. ಬಿಸಿಯಾಗಬಾರದೆಂದು ಡಬ್ಬಿಯ ಮುಚ್ಚಳಕ್ಕೆ ಸಾಲು ತೂತು ಹೊಡೆಸಿದರು. ತುಂಡು ಹಲಗೆಯ ಮೇಲೆ ಮೊದಲ ಗಿಳಿ ಬಂತು ನೋಡಿ, ಕೊಕ್ಕು, ಕಣ್ಣು, ರೆಕ್ಕೆ, ಎಲ್ಲ ಸರಿ. ಅದನ್ನು ಎದೆಗೊತ್ತಿಕೊಂಡು ಓಣಿಗೆಲ್ಲ ತೋರಿಸಿ ಬಂದರು.

ಖಂಡೇಪೂಜೆ ಮುಗಿಸಿ ತೊಟ್ಟಿಲಿಗೆ ಕೈ ಹಾಕುವುದೆಂದು ಗೊತ್ತುಮಾಡಿದರು. ಹೊಸ ಕಬ್ಬಿಣವನ್ನು ಪೂಜೆ ಮಾಡದೆ ಕೆಲಸಕ್ಕೆ ಹಚ್ಚುವುದುಂಟೆ? ಕುಂಕುಮ, ಚೆಂಡುಹೂವಿನ ಹಾರ ಎಲ್ಲ ಆಯಿತು. ತೆಂಗಿನಕಾಯಿ ನಾನು ಒಡೆಯುತ್ತೇನೆ ಅಂತ ನಮ್ಮ ಮನೆಯವರು ಕೈ ಚಾಚಿದರು.

"ನಾ ಕಟ್ಟೀನಿ, ನಾನೇ ಒಡೀತೀನಿ" ಅಂದರು ಕಾಕಾ.

ಚೌಕಟ್ಟಿನ ಮುಂದಿಟ್ಟ ಕಲ್ಲಿಗೆ ಬಡಿಯಲು ಕೈ ಎತ್ತಿದರು. ಕಾಯಿ ಜಾರಿ ಡಬ್ಬಿಯ ಮೇಲೆಯೇ ಬಿದ್ದು ಒಡೆಯಿತು. ಮೇಲೆ ಮೇಲೆ ಒರೆಸಿದರು. ತೂತುಗಳೊಳಗೆ ಇಳಿದ ನೀರು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಪೂಜೆಯಾದ ಮೇಲೆ ಒಮ್ಮೆ ಚಾಲೂ ಮಾಡುವ ವಾಡಿಕೆ. ಮಾಡಿದರು. ಚಟ್ ಅಂತ ಸದ್ದು, ಹೊಗೆ, ಆ ವಾಸನೆ...

ಬೇರೆ ಡಬ್ಬಿ ತರಿಸೋಣ ಎಂದು ನಮ್ಮವರು ಪರಿಪರಿಯಾಗಿ ಹೇಳಿದರು. ಕಾಕಾ ತಮ್ಮ ಕೈಗಳನ್ನೇ ನೋಡುತ್ತ ಕೂತಿದ್ದರು. ಯಂತ್ರದ ಮೇಲೆ ಒಂದು ಚಾದರ ಹೊದಿಸಿದವರು ಮತ್ತೆ ತೆಗೆಯಲೇ ಇಲ್ಲ.

ಹೆಣ್ಣು ಕೂಸು ಹುಟ್ಟಿತು. ಸೂಪರ್ ಮಾರ್ಕೆಟ್ಟಿನಲ್ಲಿ ಸ್ಟೀಲಿನ ತೊಟ್ಟಿಲು ಕೊಂಡು, ಅವರ ಜೊತೆ ನಾವೂ ಕಮಲಾಪುರಕ್ಕೆ ಹೋದೆವು. ಹೆಸರಿಟ್ಟಾದ ಮೇಲೆ ಮಗಳು ಕೂಸನ್ನು ಅಪ್ಪನ ಮುಂದೆ ಹಿಡಿದಳು. ಕಾಕಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಬ್ಯಾಡವಾ. ಈ ಕೈಯಾಗ ಒಂದು ಕಾಯಿ ಸುದ್ದಾ ನಿಲ್ಲಲಿಲ್ಲ."

ಕೂತುಕೋ ಅಪ್ಪಾ, ತೊಡೆಯ ಮೇಲೆ ಇಡುತ್ತೇನೆ ಅಂತ ಅವಳು ಅಳುತ್ತ ಕೇಳಿದಳು. ಒಲ್ಲೆ ಅಂದರು.

ಮುಂದಿನ ದಸರೆಗೆ ಕಾಕಾ ಇರಲಿಲ್ಲ. ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಳ್ಳದೆ ಹೋದರು. ಇದನ್ನು ನೆನೆದರೆ ನನಗೆ ಆ ದೇವರ ಮೇಲೂ ಸಿಟ್ಟು ಬರುತ್ತದೆ. ಪೂಜೆಗೆ ಇಟ್ಟ ಕಾಯಲ್ಲವೆ ಅದು?

ಮಿಕ್ಸರ್ ರಿಪೇರಿಗೆ ಒಯ್ಯಲು ಹೊರಟವಳು ಪಕ್ಕದ ಮಾಳಿಗೆಯತ್ತ ನೋಡಿದೆ. ಈಗಿನ ಬಾಡಿಗೆಯವರು ಆ ಕಬ್ಬಿಣದ ಚೌಕಟ್ಟಿಗೆ ಸೀರೆ ಕಟ್ಟಿ ಸಂಡಿಗೆ ಒಣಹಾಕಿದ್ದರು. ಗಾಳಿಗೆ ಸೀರೆಯ ತುದಿ ಪಟಪಟ ಬಡಿದುಕೊಳ್ಳುತ್ತಿತ್ತು. ಚೌಕಟ್ಟು ಒಂದಿಷ್ಟೂ ಅಲುಗುತ್ತಿರಲಿಲ್ಲ.