ಅಂಗೈಮೇಲೆ ನಡುಗಿದ ಚುಕ್ಕಿ

ಉದಗೀರ ಬೀದರ ಜಿಲ್ಲೆಯನ್ನು ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿದ ಮರುವರ್ಷ ಆ ಊರಿನ ಅರಿವೆ ಅಂಗಡಿಯ ವಿಶ್ವನಾಥಪ್ಪನವರ ಪಡಸಾಲೆಗೆ ಟ್ಯೂಬ್ ಲೈಟು ಬಂತು. ಓಣಿಯ ಹೆಂಗಸರೆಲ್ಲ ಬಂದು ನೋಡಿ ಹೊಗಳಿ ಹೋದರು. ತಿಂಗಳು ಕಳೆಯುವುದರೊಳಗೆ ಮನೆಯೊಡತಿ ಶಿವಗಂಗಾಬಾಯಿಗೆ ಆ ಬೆಳಕೇ ಚಿಂತೆಯಾಯಿತು.

ಸಂಜೆಯ ಲಿಂಗಪೂಜೆಗೆ ಆಕೆ ಕೂಡುವುದು ಅದೇ ಪಡಸಾಲೆಯಲ್ಲಿ. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ದೃಷ್ಟಿ ನಿಲ್ಲಿಸಿದರೆ ಅದರ ಕರಿಯ ಮೈಮೇಲೆ ಬೆಳಕಿನ ಒಂದು ಚುಕ್ಕಿ ಮೂಡುತ್ತಿತ್ತು. ಒಂದು ಸಂಜೆ ಆ ಚುಕ್ಕಿ ನಡುಗಿತು. ಕೈ ಅಲುಗಿರಬೇಕೆಂದು ಆಕೆ ಮೊಣಕಾಲಿನ ಮೇಲೆ ಕೈ ಊರಿದಳು. ಆಗಲೂ ನಡುಗಿತು. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ತಲೆಯೆತ್ತಿದರೆ ಗೋಡೆ, ಕಂಬ, ದೀಪ ಎಲ್ಲವೂ ನಡುಗಿದಂತೆ ಕಂಡವು.

ಆಕೆಯ ತಾಯಿ ಭಾಗೀರಥಿಬಾಯಿ ನಲವತ್ತೈದಕ್ಕೆ ಕಣ್ಣು ಕಳೆದುಕೊಂಡವಳು. ಅವಳಿಗೂ ಹಗಲೆಲ್ಲ ನೆಟ್ಟಗೆ ಕಾಣುತ್ತಿತ್ತು. ಕೇಡು ಮೊದಲು ಕಾಣಿಸಿಕೊಂಡದ್ದು ಸಂಜೆಯ ಹೊತ್ತಿನಲ್ಲೇ. ಶಿವಗಂಗಾಬಾಯಿಗೆ ಈಗ ನಲವತ್ತಮೂರು.

ಗಂಡ ಅಂಗಡಿ ಮುಚ್ಚಿ ಊಟಕ್ಕೆ ಬಂದಾಗ, ಬೆಳಕು ಹೆಂಗದ ಎಂದು ಸುಮ್ಮನೆ ಕೇಳಿದಂತೆ ಕೇಳಿದಳು. ಅಷ್ಟು ಹೊತ್ತಿಗೆ ಬೆಳಕು ನಿಶ್ಚಲವಾಗಿತ್ತು.

"ಹಾಲು ಚೆಲ್ಲಿದಂಗ ಅದ. ನಿನಗ ಚಾಳೀಸು ಬಂದದ, ನೋಡು" ಎಂದು ಅವರು ನಕ್ಕರು.

ಆಕೆಯೂ ನಕ್ಕಳು. ಆದರೆ ಮರುದಿನದಿಂದ ಪಡಸಾಲೆಯಿಂದ ಅಡುಗೆಮನೆಗೆ ಎಷ್ಟು ಹೆಜ್ಜೆ, ನೀರಿನ ಕೊಡ ಎಲ್ಲಿ, ಉಪ್ಪಿನ ಡಬ್ಬಿ ಎಲ್ಲಿ ಎಂದು ಕಣ್ಣು ಮುಚ್ಚಿ ತಡವಿ ನೋಡತೊಡಗಿದಳು.

ಪರೀಕ್ಷೆಯ ದಾರಿಯೊಂದು ಹೊಳೆದಿತ್ತು. ಅಟ್ಟದ ಮೇಲಿನ ಹಳೆಯ ಕಂದೀಲಿಗೆ ಗಾಜಿನ ಬುರುಡೆಯಿದೆ, ಅದರ ಉರಿ ಗಾಳಿಗೆ ಅಲುಗುವುದಿಲ್ಲ. ಅದರ ಬೆಳಕಿನಲ್ಲೂ ಚುಕ್ಕಿ ನಡುಗಿದರೆ ದೋಷ ಕಣ್ಣಿನದೇ. ಹಾಗೆ ಖಚಿತವಾಗುವುದೇ ಬೇಡವೆಂದು ನಾಲ್ಕು ದಿನ ಅಟ್ಟದ ಕಡೆ ನೋಡಲಿಲ್ಲ.

ಐದನೆಯ ಸಂಜೆ ಟ್ಯೂಬ್ ಆರಿಸಿ, ಕಂದೀಲು ಹಚ್ಚಿ ಕುಳಿತಳು. ತುಸು ಹೊತ್ತು ಕಣ್ಣು ತೆರೆಯಲೇ ಧೈರ್ಯ ಬರಲಿಲ್ಲ. ತೆರೆದಾಗ ಚುಕ್ಕಿ ನಿಂತಿತ್ತು. ನೂರರವರೆಗೆ ಎಣಿಸಿದಳು, ಅದು ಮಿಸುಕಲಿಲ್ಲ.

ಪೂಜೆ ಮುಗಿಸಿ ಎದ್ದು, ಗುಂಡಿ ಒತ್ತಿ ಟ್ಯೂಬ್ ಹಚ್ಚಿದಳು. ಬೆಳಕು ಮತ್ತೆ ನಡುಗಿತು. ಅದನ್ನು ನೋಡಲೆಂದು ಸ್ಟೂಲು ಹತ್ತಿ, ಬೀಳಬಾರದೆಂದು ಗೋಡೆಗೆ ಕೈ ಕೊಟ್ಟಳು. ಟ್ಯೂಬ್ ಕೂಡಿಸಿದ್ದ ಆ ಗೋಡೆ ಗುಂಯ್‌ಗುಟ್ಟುತ್ತಿತ್ತು. ಗೋಡೆಯಾಚೆ ಧೂಳಪ್ಪನ ಹಿಟ್ಟಿನ ಗಿರಣಿ ನಡೆದಿತ್ತು. ವರ್ಷಾನುಗಟ್ಟಲೆ ಕೇಳಿ ಕೇಳಿ ಆಕೆಯ ಕಿವಿ ಆ ಸಪ್ಪಳವನ್ನು ಮರೆತೇಬಿಟ್ಟಿತ್ತು. ಗಂಡ ಮನೆಗೆ ಬರುವ ಹೊತ್ತಿಗೆ ಗಿರಣಿ ನಿಂತಿರುತ್ತಿತ್ತು.

ಇಳಿದು ದೀಪ ಆರಿಸಿ, ಮತ್ತೆ ಹತ್ತಿ ಟ್ಯೂಬಿನ ಕೊಳವೆಯನ್ನು ಮುಟ್ಟಿದಳು. ದಿನವೂ ಅದುರಿ ಅದುರಿ ಅದು ಹೋಲ್ಡರಿನಲ್ಲಿ ಸಡಿಲಾಗಿತ್ತು. ಮೆಲ್ಲಗೆ ತಿರುವಿದಾಗ ಟಕ್ಕೆಂದು ಕುಳಿತುಕೊಂಡಿತು. ಹಚ್ಚಿದಳು. ಗಿರಣಿ ನಡೆದೇ ಇತ್ತು, ಬೆಳಕು ಅಲುಗಲಿಲ್ಲ.

ಊಟಕ್ಕೆ ಕುಳಿತ ಗಂಡನಿಗೆ ಎಲ್ಲವನ್ನೂ ಹೇಳಿದಳು. ಈ ಸಲ ಅವರು ನಗಲಿಲ್ಲ.

"ನನಗ್ಯಾಕ ಹೇಳ್ಲಿಲ್ಲ?"

"ಬಾಯಿಬಿಟ್ಟು ಹೇಳಿದ್ರ ಖರೇನೇ ಆಗ್ತದೇನೋ ಅಂತ ಅಂಜಿಕಿ ರೀ."

ವಿಶ್ವನಾಥಪ್ಪ ಕೈ ತೊಳೆದು ಬಂದು, ಸ್ಟೂಲು ಹತ್ತಿ ಕೊಳವೆಗೆ ಕೈ ಹಾಕಹೋದರು.

"ತಿರುವಬ್ಯಾಡ್ರಿ" ಎಂದಳು ಶಿವಗಂಗಾಬಾಯಿ, "ಸರಿ ಕುಂತದ."