ಕರೆಂಟ್ ಹೋದಾಗಲೂ ಓಡಿದ್ದು

ನಮ್ಮ ದೊಡ್ಡಬಳ್ಳಾಪುರದ ಬೀದಿಯಲ್ಲಿ ಕೂಸುಗಳು ಗದ್ದಲಕ್ಕೆ ಏಳುವುದಿಲ್ಲ, ನಿಶ್ಶಬ್ದಕ್ಕೆ ಏಳುತ್ತವೆ. ಕರೆಂಟ್ ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತವೋ, ತೊಟ್ಟಿಲುಗಳಿಂದ ರಾಗ ಶುರು. ಎದೆಬಡಿತದ ವಿಷಯದಲ್ಲಿ ನಾನೂ ಅಂಥ ಕೂಸೇ. ಇಷ್ಟು ವರ್ಷ ಅದು ಬಡಿಯುತ್ತಿದೆಯೆಂಬ ಪರಿವೆಯೇ ಇರಲಿಲ್ಲ. ನಡುನಡುವೆ ತಪ್ಪತೊಡಗಿ, ಒಂದು ದಿನ ಮಗ್ಗದ ಮುಂದೆಯೇ ಕಣ್ಣು ಕತ್ತಲಿಟ್ಟು ಬಿದ್ದಾಗ ಗೊತ್ತಾಯಿತು.

ಹೃದಯ ತನ್ನ ಕರೆಂಟನ್ನು ತಾನೇ ತಯಾರಿಸಿಕೊಳ್ಳುತ್ತದಂತೆ. ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಮೇಲಿನ ಬಲ ಕೋಣೆಯಲ್ಲಿ ಚಿಟಿಕೆಯಷ್ಟು ಜೀವಕೋಶಗಳು. ಅಲ್ಲಿಂದ ಹೊರಟ ಸಂಕೇತ ತಾಕಿ ಮೊದಲು ಮೇಲಿನ ಕೋಣೆಗಳು ಕುಗ್ಗುತ್ತವೆ. ರಕ್ತ ಕೆಳಗಿಳಿಯಲೆಂದು ಸಂಕೇತ ನಡುವೆ ಒಂದಿಷ್ಟು ತಡೆದು, ಆಮೇಲೆ ಕೆಳಗಿನ ಕೋಣೆಗಳಿಗೆ ಓಡುತ್ತದೆ. ಮೀಟರಿಲ್ಲ, ಬಿಲ್ಲಿಲ್ಲ! ನನ್ನದರಲ್ಲಿ ಸಂಕೇತ ನಡುದಾರಿಯಲ್ಲೇ ಕಳೆದುಹೋಗುತ್ತಿತ್ತು. ಹೆಗಲ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ಪೇಸ್‌ಮೇಕರ್ ಕೂರಿಸಿ ಹೃದಯಕ್ಕೆ ತಂತಿ ಎಳೆದರು. ಸಂಕೇತ ತಪ್ಪಿದಾಗಲೆಲ್ಲ ಅದು ಮೆಲ್ಲಗೆ ತಿವಿಯುತ್ತದೆ.

ಅಲ್ಲಿಂದ ಶುರುವಾಯಿತು ಹೆಂಡತಿ ನಾಗರತ್ನಳ ಕಾವಲು. ಸ್ವಿಚ್ ಮುಟ್ಟುವಂತಿಲ್ಲ, ಮಗ್ಗದ ಮನೆಯ ಹೊಸಿಲು ದಾಟುವಂತಿಲ್ಲ. ಇದು ಮನೆಯ ಕರೆಂಟಿನಿಂದ ಓಡುವುದಲ್ಲ, ಒಳಗೇ ಬ್ಯಾಟರಿ ಇದೆ ಎಂದರೆ ನಂಬಳು. ಸೀರೆ ನೇಯುತ್ತಿದ್ದ ನಾನು ಜಗಲಿಯಲ್ಲಿ ಕೂತು ಹಪ್ಪಳಕ್ಕೆ ಬರುವ ಕಾಗೆ ಓಡಿಸುವವನಾದೆ. ನಿಜ ಹೇಳುತ್ತೇನೆ, ಬಿದ್ದಾಗ ಬರದ ಅಳು ಇದಕ್ಕೆ ಬಂತು. ಕೊನೆಗೆ ಡಾಕ್ಟರಮ್ಮನೇ ಅವಳಿಗೆ ಹೇಳಿದರು: "ಮೋಟಾರಿಗೆ ಎದೆ ಒರಗಿಸ್ದೆ, ಸ್ವಲ್ಪ ದೂರ ನಿಂತ್ರೆ ಸಾಕು ಕಣಮ್ಮ. ನೇಯ್ಲಿ ಬಿಡಿ."

ಮರುದಿನ ಬೆಳಿಗ್ಗೆ ಸ್ವಿಚ್ ಹಾಕಿದೆ. ಲಾಳಿ ಓಡಿತು. ಆಹಾ! ಬೀದಿಗೆಲ್ಲ ನಾನೇ ರಾಜ. ನಾಲ್ಕು ಬೆರಳು ಸೀರೆ ಇಳಿದಿರಬೇಕು, ಕರೆಂಟ್ ಹೋಯಿತು. ಬೀದಿಯೇ ಸ್ತಬ್ಧ. ಅಡುಗೆಮನೆಯಿಂದ ನಾಗರತ್ನ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ರೀ! ನಿಮ್ದೂ ಹೋಯ್ತೇನ್ರೀ?"

ನಗು ತಡೆದುಕೊಂಡು ಅವಳ ಕೈಯನ್ನು ನನ್ನ ಎದೆಗೆ ಒತ್ತಿಕೊಂಡೆ. ಉಸಿರು ಬಿಗಿಹಿಡಿದು ನೋಡಿದಳು. ಆಮೇಲೆ ಕಿಟಕಿಯತ್ತ ತಿರುಗಿ, ಎದುರುಮನೆಯ ಮುನಿರಾಜು ಬೆಚ್ಚಿಬೀಳುವಂತೆ ಕೂಗಿದಳು: "ಮುನಿರಾಜಣ್ಣಾ, ನಮ್ಮನೆಯೋರ್ದು ಓಡ್ತಾ ಐತೆ!"

ಇಡೀ ಬೀದಿಯಲ್ಲಿ ಓಡುತ್ತಿರುವುದು ನನ್ನದೊಂದೇ ಎಂದು ನಾನೂ ಬೀಗಿದೆ. ಓಡುತ್ತಿದ್ದದ್ದು ಎಲ್ಲರದೂ, ಪಾಪ, ಅವರಿಗೆ ಗೊತ್ತಿರಲಿಲ್ಲ ಅಷ್ಟೆ. ತುಸು ಹೊತ್ತಿಗೆ ಕರೆಂಟ್ ಬಂತು, ಮಗ್ಗಗಳೆಲ್ಲ ಶುರುವಾದವು. ನನ್ನ ಮಗ್ಗ ಮಾತ್ರ ತಡವಾಗಿ ಶುರುವಾಯಿತು. ನಾಗರತ್ನ ಇನ್ನೂ ಕೈ ತೆಗೆದಿರಲಿಲ್ಲ.